ಮಾತುಕತೆಯ ಜಾಗವನ್ನು ಆರಿಸುವವರಿಗೆ ಒಂದು ಬಹಿರಂಗ ಪತ್ರ

ಸಂಘ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು, ಸುದ್ದಿಸಂಸ್ಥೆಗಳು ಮತ್ತು ಸರ್ಕಾರಿ ಇಲಾಖೆಗಳ ಹೊಣೆ ಹೊತ್ತಿರುವವರಿಗೆ,

ಮಾನ್ಯರೇ,

ನಿಮ್ಮ ಸದಸ್ಯರು, ವಿದ್ಯಾರ್ಥಿಗಳು, ಓದುಗರು ಅಥವಾ ನಾಗರಿಕರು ನಿಮ್ಮೊಡನೆಯೂ ತಮ್ಮತಮ್ಮೊಳಗೂ ಅಂತರಜಾಲದಲ್ಲಿ ಎಲ್ಲಿ ಮಾತಾಡಬೇಕು ಎಂಬುದನ್ನು ನೀವು ಸಭೆ ಸೇರಿ, ಸಾಧಕ ಬಾಧಕಗಳನ್ನು ತೂಗಿ ನಿರ್ಧರಿಸಿದ್ದೀರಾ? ಬಹಳ ಕಡೆ ಅದು ತಾನಾಗಿಯೇ ಆಗಿಹೋಗಿದೆ. ಉತ್ಸಾಹಿಯೊಬ್ಬರು ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು, ಇನ್ನೊಬ್ಬರು ಫೇಸ್‌ಬುಕ್‌ನಲ್ಲಿ ಪುಟ ತೆರೆದರು, ಜನರೆಲ್ಲ ಆಗಲೇ ಅಲ್ಲಿದ್ದುದರಿಂದ ಮಾತೂ ಅವರ ಹಿಂದೆಯೇ ಹೋಯಿತು, ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಹಳೆಯ ಸುತ್ತೋಲೆಗಳಷ್ಟೇ ಉಳಿದವು. ಹೀಗೆ ಯಾರೂ ಕೈಗೊಳ್ಳದ ಆ ತೀರ್ಮಾನವು ನಿಮ್ಮಲ್ಲಿ ನಡೆಯುವ ಮಾತನ್ನು ಯಾರು ಕೇಳಿಸಿಕೊಳ್ಳಬಲ್ಲರು, ಯಾರು ಉತ್ತರ ಕೊಡಬಲ್ಲರು, ಐದು ವರ್ಷಗಳ ನಂತರ ಅದನ್ನು ಯಾರು ಹುಡುಕಿ ಓದಬಲ್ಲರು ಎಂಬುದನ್ನೆಲ್ಲ ನಿಶ್ಚಯಿಸಿಬಿಟ್ಟಿದೆ. ಜಾಗದ ಆಯ್ಕೆ ನಿಮ್ಮ ಹೊಣೆಗಾರಿಕೆಯ ಭಾಗವೆಂದು ಒಪ್ಪಿಕೊಳ್ಳಬೇಕು, ಮಾತು ಎಲ್ಲೇ ನಡೆಯಲಿ ಅದರ ಫಲವು ನಿಮ್ಮದೇ ಆದ, ಎಲ್ಲರೂ ತಲುಪಬಲ್ಲ ಒಂದು ವಿಳಾಸದಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಅಂತರಜಾಲದ ಮಾತುಕತೆಗೆ ಆರಂಭದಿಂದಲೂ ಅಂಥದೊಂದು ವಿಳಾಸವಿತ್ತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಬಗೆಯನ್ನು ಕುರಿತು ಸಹೋದ್ಯೋಗಿಗಳ ಅಭಿಪ್ರಾಯ ಕೇಳಿ ಸ್ಟೀವ್ ಕ್ರಾಕರ್ ಬರೆದ ಮೊದಲ ಟಿಪ್ಪಣಿಯ ಮೇಲೆ 1969ರ ಏಪ್ರಿಲ್ 7ರ ದಿನಾಂಕವಿದೆ. ಆರ್‌ಎಫ್‌ಸಿ (ಅಭಿಪ್ರಾಯಕ್ಕಾಗಿ ಕೋರಿಕೆ) ಎಂಬ ಹೆಸರಿನ ಆ ಸರಣಿ ಇಂದಿಗೂ ಮುಂದುವರಿದಿದೆ, ಮೊದಲ ಟಿಪ್ಪಣಿಯನ್ನು ಯಾವ ಖಾತೆಯೂ ಇಲ್ಲದೆ ಇವತ್ತೂ ಯಾರು ಬೇಕಾದರೂ ಓದಬಹುದು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಯೂಸ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಮಾತು ವಿಷಯವಾರು ಗುಂಪುಗಳಲ್ಲಿ ನಡೆಯುತ್ತಿತ್ತು, ಪ್ರತಿ ಸಂದೇಶದ ನಕಲೂ ಅನೇಕ ಸರ್ವರ್‌ಗಳಿಗೆ ಹರಡುತ್ತಿದ್ದುದರಿಂದ ಅದರ ಅಳಿವು ಉಳಿವು ಒಬ್ಬ ಒಡೆಯನ ಕೈಯಲ್ಲಿರಲಿಲ್ಲ. 1991ರ ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ ಯೋಜನೆಯ ವಿವರವನ್ನು ಹಂಚಿಕೊಂಡದ್ದೂ, ಅದೇ ತಿಂಗಳ 25ರಂದು ಲಿನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ, ಮುಂದೆ ಲಿನಕ್ಸ್ ಎನಿಸಿದ ಆಪರೇಟಿಂಗ್ ಸಿಸ್ಟಂನ ಸುದ್ದಿ ತಿಳಿಸಿದ್ದೂ ಅಲ್ಲಿನ ಗುಂಪುಗಳಲ್ಲೇ. ಆ ಬರಹಗಳನ್ನು ನಾವಿಂದು ದಿನಾಂಕದ ಸಮೇತ ಓದಬಲ್ಲೆವು. ಅಷ್ಟೇ ಮಹತ್ವದ ಇನ್ನೊಂದು ಆರಂಭವು ಈ ಹೊತ್ತು ಮುಚ್ಚಿದ ಗುಂಪೊಂದರಲ್ಲಿ ಆಗುತ್ತಿದ್ದರೆ, ಮೂವತ್ತು ವರ್ಷಗಳ ನಂತರ ಅದನ್ನು ಓದುವ ದಾರಿ ಯಾವುದು ಎಂಬುದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಆ ಕಾಲವನ್ನು ಸುವರ್ಣಯುಗವೆಂದು ಕರೆಯುವ ಉದ್ದೇಶ ನನಗಿಲ್ಲ. ಅಂದು ಮಾತಾಡಲು ವಿಶ್ವವಿದ್ಯಾಲಯದ ಅಥವಾ ದೊಡ್ಡ ಕಂಪನಿಯ ಕಂಪ್ಯೂಟರಿನ ಮುಂದೆ ಕೂರುವ ಅವಕಾಶ ಬೇಕಿತ್ತು, ಬಹುಮಟ್ಟಿಗೆ ಇಂಗ್ಲಿಷ್ ಬೇಕಿತ್ತು, ಟೈಪ್ ಮಾಡುವ ಅಭ್ಯಾಸ ಬೇಕಿತ್ತು. ಸಾಮಾಜಿಕ ಜಾಲತಾಣಗಳು ಆ ಅಡೆತಡೆಗಳನ್ನು ಬಹಳಷ್ಟು ತೆಗೆದುಹಾಕಿದವು. ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು ಎನ್ನುವ ಸ್ಥಿತಿ ಬಂದುದರಿಂದ, ಬರೆಯಲು ಹಿಂಜರಿಯುವವರೂ ಧ್ವನಿ ಸಂದೇಶ ಕಳುಹಿಸಿ ಚರ್ಚೆಯಲ್ಲಿ ಸೇರಿಕೊಳ್ಳುವಂತಾದುದರಿಂದ, ಹಿಂದೆಂದೂ ಸಾರ್ವಜನಿಕ ಚರ್ಚೆಯಲ್ಲಿ ಪಾಲು ಸಿಗದಿದ್ದ ಕೋಟ್ಯಂತರ ಜನರ ದನಿ ಕೇಳಿಸಿತು. ಇದನ್ನು ಕಡೆಗಣಿಸಿ, ಎಲ್ಲರೂ ಹಳೆಯ ಜಾಗಕ್ಕೆ ಮರಳಲಿ ಎಂದು ಕೇಳುವುದು ಅವರಿಗೆ ಮಾಡುವ ಅನ್ಯಾಯವಾದೀತು.

ಆದರೂ ಬದಲಾದದ್ದೇನು ಎಂಬುದನ್ನು ಸ್ಪಷ್ಟವಾಗಿ ನೋಡಲೇಬೇಕು. ಹಳೆಯ ಚರ್ಚಾ ವೇದಿಕೆಗಳಲ್ಲಿ ನಾವು ವಿಷಯವನ್ನು ಹುಡುಕಿಕೊಂಡು ಹೋಗುತ್ತಿದ್ದೆವು, ಅಲ್ಲಿ ಯಾರು ಸಿಗುತ್ತಾರೋ ಅವರೊಡನೆ ಮಾತಾಡುತ್ತಿದ್ದೆವು. 2004ರಲ್ಲಿ ಆರಂಭವಾದ ಫೇಸ್‌ಬುಕ್ ಮತ್ತು 2006ರಲ್ಲಿ ಬಂದ ಟ್ವಿಟರ್ (ಈಗಿನ ಎಕ್ಸ್) ಈ ಕ್ರಮವನ್ನು ತಿರುವುಮುರುವು ಮಾಡಿದವು. ಇಲ್ಲಿ ಮೊದಲು ವ್ಯಕ್ತಿಗಳನ್ನು ಆರಿಸಿಕೊಳ್ಳುತ್ತೇವೆ, ವಿಷಯವು ಅವರ ಮೂಲಕ ನಮ್ಮ ಬಳಿಗೆ ಬರುತ್ತದೆ. 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ಆರಂಭಿಸಿದ ಮೇಲೆ ಆ ವ್ಯಕ್ತಿಗಳ ಪುಟಕ್ಕೆ ಹೋಗಿ ನೋಡುವ ಅಗತ್ಯವೂ ಉಳಿಯಲಿಲ್ಲ, ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ ಜಾರಬೇಕು ಎಂಬುದನ್ನು ಅಲ್ಗಾರಿದಮ್ ನಿರ್ಧರಿಸತೊಡಗಿತು. ಟ್ವಿಟರ್‌ನಲ್ಲಿ ವಿಷಯವಾರು ಗುಂಪುಗಳಿಲ್ಲದ ಕೊರತೆಯನ್ನು ಬಳಕೆದಾರರೇ ತುಂಬಿಕೊಳ್ಳಬೇಕಾಯಿತು. 2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸ್ಸಿನಾ ಸೂಚಿಸಿದ ಹ್ಯಾಷ್‌ಟ್ಯಾಗ್ ಚದುರಿದ ಮಾತನ್ನು ಮತ್ತೆ ವಿಷಯದ ಸುತ್ತ ಕೂಡಿಸುವ ಪ್ರಯತ್ನವೇ ಆಗಿತ್ತು. ಒಂದು ದಿನದ ಬಿಸಿ ಚರ್ಚೆಯನ್ನು ಅದು ಚೆನ್ನಾಗಿಯೇ ಕೂಡಿಸುತ್ತದೆ, ಒಂದು ವರ್ಷ ನಡೆಯುವ ವಾದದ ಎಳೆಯನ್ನು ಹಿಡಿದಿಡುವ ಶಕ್ತಿ ಮಾತ್ರ ಅದಕ್ಕಿಲ್ಲ.

ಇದರಿಂದ ನಿಮ್ಮಂಥ ಸಂಸ್ಥೆಗಳಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೀವು ಒಂದು ಕರಡು ನಿಯಮಾವಳಿಯನ್ನು ಪ್ರಕಟಿಸಿ ಅಭಿಪ್ರಾಯ ಕೇಳಿದ್ದೀರಿ ಎಂದಿಟ್ಟುಕೊಳ್ಳಿ. ಕರಡಿನ ಪಿಡಿಎಫ್ ಪ್ರತಿ ಗುಂಪಿನಿಂದ ಗುಂಪಿಗೆ ಸಾಗುತ್ತದೆ. ಒಂದು ಗುಂಪಿನಲ್ಲಿ ಲೆಕ್ಕ ಬಲ್ಲವರೊಬ್ಬರು ನಾಲ್ಕನೆಯ ಪುಟದ ಕೋಷ್ಟಕದಲ್ಲಿ ತಪ್ಪಿದೆಯೆಂದು ತೋರಿಸುತ್ತಾರೆ. ಬೇರೊಂದು ಗುಂಪಿನಲ್ಲಿ, ಆ ನಿಯಮದಿಂದ ನೇರವಾಗಿ ತೊಂದರೆಗೊಳಗಾಗುವ ವ್ಯಕ್ತಿ ತನ್ನ ಅನುಭವವನ್ನು ಧ್ವನಿ ಸಂದೇಶದಲ್ಲಿ ಹೇಳಿಕೊಳ್ಳುತ್ತಾಳೆ. ಮೂರನೆಯ ಗುಂಪಿಗೆ ಒಂದೇ ಒಂದು ಪರಿಚ್ಛೇದದ ಸ್ಕ್ರೀನ್‌ಶಾಟ್ ಬಂದಿರುತ್ತದೆ, ಹಿಂದುಮುಂದಿನ ವಾಕ್ಯಗಳು ಕಾಣದಿರುವುದರಿಂದ ಅಲ್ಲಿನವರು ಕರಡಿನಲ್ಲಿ ಇಲ್ಲದ ಸಂಗತಿಯ ಮೇಲೆ ಎರಡು ದಿನ ಸಿಟ್ಟಾಗುತ್ತಾರೆ. ಈ ಮೂರೂ ಕಡೆಯ ಮಾತುಗಳು ಒಂದನ್ನೊಂದು ಎಂದೂ ಸಂಧಿಸುವುದಿಲ್ಲ. ಲೆಕ್ಕದ ತಪ್ಪನ್ನು ಕಂಡವರಿಗೆ ಆಕೆಯ ಅನುಭವ ತಿಳಿಯುವುದಿಲ್ಲ, ಸಿಟ್ಟಾದವರಿಗೆ ಪೂರ್ತಿ ಪಠ್ಯವನ್ನು ತೋರಿಸುವವರು ಸಿಗುವುದಿಲ್ಲ, ಕರಡನ್ನು ಬರೆದ ನಿಮಗೆ ಇವುಗಳಲ್ಲಿ ಯಾವುದೂ ತಲುಪುವುದಿಲ್ಲ. ನಿಮ್ಮ ಇಮೇಲ್ ವಿಳಾಸಕ್ಕೆ ಬಂದ ಬೆರಳೆಣಿಕೆಯ ಪತ್ರಗಳನ್ನು ನೋಡಿ, ಸಾರ್ವಜನಿಕರಿಂದ ಹೆಚ್ಚಿನ ಆಕ್ಷೇಪಣೆ ಬಂದಿಲ್ಲವೆಂದು ನೀವು ಕಡತದಲ್ಲಿ ಬರೆದುಕೊಳ್ಳುತ್ತೀರಿ. ಜನ ಮೌನವಾಗಿದ್ದರು ಎಂಬ ಆ ದಾಖಲೆ ಸುಳ್ಳು. ಅವರು ವಾರಗಟ್ಟಲೆ ಮಾತಾಡಿದ್ದಾರೆ, ಆದರೆ ಆ ಮಾತು ಕರಡಿನ ಪಕ್ಕದಲ್ಲಿ ಇಲ್ಲ.

ಮಾತು ತನ್ನ ವಿಷಯದಿಂದ ಹೀಗೆ ಬೇರ್ಪಡುವುದನ್ನು ನಾನು ಈ ಇಡೀ ಬದಲಾವಣೆಯ ಅತ್ಯಂತ ದೊಡ್ಡ ನಷ್ಟವೆಂದು ಭಾವಿಸುತ್ತೇನೆ. ಸುಳ್ಳು ಸುದ್ದಿಯ ಬಗ್ಗೆ, ದ್ವೇಷದ ಭಾಷೆಯ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, ಬರೆಯಬೇಕಾದದ್ದೂ ಹೌದು. ಆದರೆ ಒಳ್ಳೆಯ ಮನಸ್ಸಿನ, ತಿಳಿವಳಿಕೆಯುಳ್ಳ ಜನರ ಮಾತು ಕೂಡ ತಲುಪಬೇಕಾದಲ್ಲಿಗೆ ತಲುಪದೆ ಹೋಗುವುದರ ಬಗ್ಗೆ ಅಷ್ಟು ಗಮನ ಹರಿದಿಲ್ಲ.

ಸುದ್ದಿಸಂಸ್ಥೆಗಳು ಈ ಚದುರುವಿಕೆಗೆ ಬೇಗನೆ ಮಣಿದವು. ಪಾಪ್ಯುಲರ್ ಸೈನ್ಸ್ ಪತ್ರಿಕೆ 2013ರ ಸೆಪ್ಟೆಂಬರ್‌ನಲ್ಲಿ ತನ್ನ ಬರಹಗಳ ಕೆಳಗಿನ ಓದುಗರ ಪ್ರತಿಕ್ರಿಯೆಗಳನ್ನು ನಿಲ್ಲಿಸಿತು. 2014ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಗಳ ಮಟ್ಟಿಗೆ ಇದೇ ನಿರ್ಧಾರಕ್ಕೆ ಬಂದಾಗ, ಚರ್ಚೆ ಈಗ ಸಾಮಾಜಿಕ ಜಾಲತಾಣಗಳ ಕಡೆಗೆ ಹೋಗಿದೆ ಎಂಬ ಕಾರಣವನ್ನು ಕೊಟ್ಟಿತು. ಅಮೆರಿಕದ ಸಾರ್ವಜನಿಕ ಬಾನುಲಿ ಸಂಸ್ಥೆಯಾದ ಎನ್‌ಪಿಆರ್ 2016ರ ಆಗಸ್ಟ್‌ನಲ್ಲಿ ಅದೇ ಹೆಜ್ಜೆ ಇಟ್ಟಾಗ ಮುಂದಿಟ್ಟ ಅಂಕಿಗಳು ಯೋಚಿಸತಕ್ಕವು. ಆ ವರ್ಷದ ಜುಲೈಯಲ್ಲಿ ಅದರ ತಾಣಕ್ಕೆ ಭೇಟಿ ಕೊಟ್ಟವರು ಸುಮಾರು 3.3 ಕೋಟಿ ಬಳಕೆದಾರರು, ಬಂದ 4,91,000 ಪ್ರತಿಕ್ರಿಯೆಗಳನ್ನು ಬರೆದವರು ಕೇವಲ 19,400 ಮಂದಿ. ಅಷ್ಟು ಕಡಿಮೆ ಜನರ ಮಾತನ್ನು ಎಲ್ಲ ಓದುಗರ ಮಾತೆಂದು ತಿಳಿಯುವುದು ಸರಿಯಲ್ಲ, ಅದನ್ನು ಹದ್ದಿನ ಕಣ್ಣಿಟ್ಟು ಕಾಯುವ ಖರ್ಚೂ ಸಣ್ಣದಲ್ಲ ಎಂಬ ಅವರ ವಾದದಲ್ಲಿ ಹುರುಳಿದೆ. ಹಾಗಿದ್ದರೂ, ವರದಿಯಲ್ಲಿ ತಪ್ಪಿದ್ದರೆ ಅದನ್ನು ಬಲ್ಲ ಓದುಗರೊಬ್ಬರು ಆ ವರದಿಯ ಕೆಳಗೇ ತಿದ್ದುಪಡಿಯನ್ನು ಬರೆಯುವ, ಮುಂದಿನ ಓದುಗ ಎರಡನ್ನೂ ಒಟ್ಟಿಗೆ ನೋಡುವ ಸಾಧ್ಯತೆಯನ್ನು ನಾವು ಕಳೆದುಕೊಂಡೆವು ಎಂಬುದನ್ನು ಮರೆಯಬಾರದು. ಈಗ ಆ ತಿದ್ದುಪಡಿ ಯಾರದೋ ಖಾತೆಯಲ್ಲಿ ಬೇರೆಯಾಗಿ ಇರುತ್ತದೆ, ವರದಿ ತಪ್ಪನ್ನು ಹೊತ್ತುಕೊಂಡೇ ಓಡಾಡುತ್ತದೆ.

ಅಲ್ಲಿಂದ ಮುಂದೆ ಇನ್ನೊಂದು ವಲಸೆ ಆಯಿತು. ಎಲ್ಲರಿಗೂ ಕಾಣುವ ಪೋಸ್ಟುಗಳಿಂದ ಮುಚ್ಚಿದ ಗುಂಪುಗಳಿಗೆ ಜನ ಸರಿದರು. 2019ರ ಮಾರ್ಚ್ 6ರಂದು ಮಾರ್ಕ್ ಜುಕರ್‌ಬರ್ಗ್ ಪ್ರಕಟಿಸಿದ ಬರಹದಲ್ಲಿ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಇದುವರೆಗೆ ಊರ ಚೌಕದಂತಿದ್ದವು, ಜನರಿಗೆ ಮನೆಯ ಹಜಾರದಂಥ ಖಾಸಗಿ ಜಾಗವೂ ಹೆಚ್ಚು ಹೆಚ್ಚಾಗಿ ಬೇಕೆನಿಸುತ್ತಿದೆ ಎಂಬ ಅಭಿಪ್ರಾಯವಿತ್ತು. ಜನರ ಈ ಬಯಕೆಗೆ ಬಲವಾದ ಕಾರಣಗಳಿವೆ. ಗೆಳೆಯರ ನಡುವೆ ಆಡಿದ ಒಂದು ಸಾಲು ಅಪರಿಚಿತರ ಕೈಗೆ ಸಿಕ್ಕಿ, ಸಂದರ್ಭ ಕಳಚಿ, ಸಾವಿರಾರು ಜನರ ನಿಂದೆಗೆ ಗುರಿಯಾಗುವುದನ್ನು ಕಂಡವರು ಮತ್ತೆ ಬಹಿರಂಗವಾಗಿ ಬಾಯಿಬಿಡಲು ಅಂಜುತ್ತಾರೆ. ಬೆದರಿಕೆಗೆ ಒಳಗಾದ ಹೆಂಗಸರಿಗೆ, ಕಾಯಿಲೆಯನ್ನು ಹೇಳಿಕೊಳ್ಳಲು ಸಂಕೋಚಪಡುವವರಿಗೆ, ಅಧಿಕಾರದಲ್ಲಿರುವವರ ತಪ್ಪನ್ನು ಬಯಲಿಗೆ ತರುವವರಿಗೆ ಮುಚ್ಚಿದ ಬಾಗಿಲು ಬೇಕೇ ಬೇಕು. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಸಂದೇಶಗಳಿಗೂ ಆದಿಯಿಂದ ಅಂತ್ಯದವರೆಗಿನ ಗೂಢಲಿಪೀಕರಣವನ್ನು (ಕಳುಹಿಸಿದವರು, ಪಡೆದವರ ಹೊರತು ಬೇರಾರೂ ಓದಲಾಗದ ವ್ಯವಸ್ಥೆಯನ್ನು) ಅಳವಡಿಸಿದ್ದು ಒಳ್ಳೆಯ ಕೆಲಸ, ಅದನ್ನು ದುರ್ಬಲಗೊಳಿಸಬೇಕೆಂಬ ಯಾವ ಬೇಡಿಕೆಯನ್ನೂ ನಾನು ಬೆಂಬಲಿಸುವುದಿಲ್ಲ.

ತೊಡಕು ಹುಟ್ಟುವುದು ಸಂಸ್ಥೆಗಳು ತಮ್ಮ ಸಾರ್ವಜನಿಕ ಕೆಲಸವನ್ನೂ ಆ ಬಾಗಿಲಿನ ಒಳಗೆ ಮಾಡತೊಡಗಿದಾಗ. ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಬಹುದಾದ ಸದಸ್ಯರ ಮಿತಿ 2016ರಲ್ಲಿ 256 ಇದ್ದದ್ದು 2022ರಲ್ಲಿ 1,024ಕ್ಕೆ ಏರಿತು. ಸಾವಿರ ಜನರಿರುವ ಜಾಗವನ್ನು ಹಜಾರವೆನ್ನಲು ಬರುವುದಿಲ್ಲ, ಅದು ಸಭಾಂಗಣ. ಆದರೆ ಸಭೆಗೆ ಇರುವ ಕಾರ್ಯಸೂಚಿ, ನಡಾವಳಿ, ಅಧ್ಯಕ್ಷರ ತೀರ್ಪನ್ನು ಪ್ರಶ್ನಿಸುವ ಹಕ್ಕು ಇವು ಯಾವುವೂ ಅಲ್ಲಿಲ್ಲ. ಅಡ್ಮಿನ್ ಒಬ್ಬರು ಯಾರನ್ನು ಬೇಕಾದರೂ ತೆಗೆದುಹಾಕಬಹುದು, ತೆಗೆದುಹಾಕಿದ ಕಾರಣವನ್ನು ಎಲ್ಲೂ ಬರೆಯಬೇಕಾಗಿಲ್ಲ. ವಾರ್ಷಿಕ ಸಭೆಯಿಂದ ಸದಸ್ಯರೊಬ್ಬರನ್ನು ಹಾಗೆ ಹೊರಹಾಕಿದ್ದರೆ ನಿಮ್ಮ ಬೈಲಾ ಪ್ರಕಾರ ಉತ್ತರ ಕೊಡಬೇಕಾಗುತ್ತಿತ್ತು.

ನೆನಪಿನ ವಿಚಾರಕ್ಕೆ ಬರುತ್ತೇನೆ. ಚರ್ಚೆಯ ಪ್ರಯೋಜನ ಅದರಲ್ಲಿ ಭಾಗವಹಿಸಿದವರಿಗೆ ಮಾತ್ರ ಸೇರಿದ್ದಲ್ಲ. ಯಾವುದೋ ಸಾಫ್ಟ್‌ವೇರ್ ತೊಡಕಿಗೆ, ಅಪರೂಪದ ಕಾಯಿಲೆಯ ಆರೈಕೆಗೆ, ಗೊಂದಲದ ಅರ್ಜಿ ನಮೂನೆಗೆ ಇಬ್ಬರು ಅಪರಿಚಿತರು ತಾಳ್ಮೆಯಿಂದ ಪರಿಹಾರ ಹುಡುಕಿದ್ದು ತೆರೆದ ಜಾಗದಲ್ಲಿದ್ದರೆ, ಹತ್ತು ವರ್ಷಗಳ ನಂತರ ಅದೇ ತೊಡಕಿಗೆ ಸಿಲುಕಿದ ಮೂರನೆಯವರು ಸರ್ಚ್ ಎಂಜಿನ್‌ನಲ್ಲಿ ಹುಡುಕಿ ಅದನ್ನು ತಲುಪುತ್ತಾರೆ, ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ. 2015ರಲ್ಲಿ ವಿಡಿಯೋ ಗೇಮ್ ಆಡುವವರಿಗಾಗಿ ಆರಂಭವಾದ ಡಿಸ್ಕಾರ್ಡ್ ಎಂಬ ಗುಂಪು ಮಾತುಕತೆಯ ತಾಣ ಈಗ ಎಷ್ಟೋ ತಂತ್ರಾಂಶ ಸಮುದಾಯಗಳ ಮುಖ್ಯ ಚರ್ಚಾಸ್ಥಳವಾಗಿದೆ. ಅಲ್ಲಿ ಉತ್ತರ ನಿಮಿಷಗಳಲ್ಲೇ ಸಿಗುತ್ತದೆ, ಆ ವೇಗಕ್ಕೆ ಬೆಲೆಯಿದೆ. ಆದರೆ ಆ ಉತ್ತರ ಸಾಮಾನ್ಯವಾಗಿ ಹೊರಗಿನ ಹುಡುಕಾಟಕ್ಕೆ ಸಿಗದು. ಹೀಗಾಗಿ ಅದೇ ಪ್ರಶ್ನೆಯನ್ನು ವಾರವಾರವೂ ಹೊಸಬರು ಕೇಳುತ್ತಾರೆ, ಹಳಬರು ಮೊದಮೊದಲು ಪ್ರೀತಿಯಿಂದ, ಆಮೇಲೆ ಬೇಸರದಿಂದ ಉತ್ತರಿಸುತ್ತಾರೆ, ಕೊನೆಗೊಮ್ಮೆ ಉತ್ತರಿಸುವುದನ್ನೇ ಬಿಡುತ್ತಾರೆ. ಬೋಧಕರಿಗೆ, ಗ್ರಂಥಪಾಲಕರಿಗೆ, ಸಹಾಯವಾಣಿ ನಡೆಸುವವರಿಗೆ ಈ ದಣಿವು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಸ್ಥೆಯೊಳಗಿನ ತೀರ್ಮಾನಗಳಿಗೂ ಇದೇ ಗತಿ. ಒಂದು ನಿರ್ಣಯ ಏಕೆ ಹಾಗಾಯಿತು, ಯಾವ ಪರ್ಯಾಯವನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬುದು ಗುಂಪಿನ ಸಂದೇಶಗಳಲ್ಲಿ, ಶುಭಾಶಯಗಳ ಮತ್ತು ಫಾರ್ವರ್ಡ್‌ಗಳ ನಡುವೆ ಹೂತುಹೋಗಿರುತ್ತದೆ. ಪದಾಧಿಕಾರಿಗಳು ಬದಲಾಗುತ್ತಾರೆ, ಫೋನುಗಳು ಬದಲಾಗುತ್ತವೆ. ಬ್ಯಾಕಪ್ ಇಲ್ಲದ ಒಂದು ಫೋನ್ ಕೆಟ್ಟರೆ ಒಂದು ಅವಧಿಯ ಆಡಳಿತದ ಕಾರಣಗಳೆಲ್ಲ ಅದರೊಂದಿಗೆ ಹೋಗುತ್ತವೆ.

ಜಾಗದ ಒಡೆತನ ಬೇರೆಯವರದಾಗಿರುವಾಗ ಬಾಗಿಲು ಯಾವಾಗ ಮುಚ್ಚುತ್ತದೆಂದು ನಿರ್ಧರಿಸುವವರೂ ಬೇರೆಯವರೇ. ಗೂಗಲ್‌ನ ಸಾಮಾಜಿಕ ಜಾಲತಾಣವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಗೂಗಲ್ ಪ್ಲಸ್‌ನ ಸಾಮಾನ್ಯ ಬಳಕೆದಾರರ ಖಾತೆಗಳು 2019ರ ಏಪ್ರಿಲ್ 2ರಂದು ಕೊನೆಗೊಂಡವು. ಸಾವಿರಾರು ಹವ್ಯಾಸಿ ಮತ್ತು ವೃತ್ತಿಪರ ಬಳಗಗಳು ವರ್ಷಗಟ್ಟಲೆ ಮಾತಾಡಿದ್ದ ಯಾಹೂ ಗ್ರೂಪ್ಸ್, ಹಳೆಯ ಸಂದೇಶಗಳನ್ನೂ ಕಡತಗಳನ್ನೂ ತೆಗೆದುಹಾಕುವುದಾಗಿ 2019ರಲ್ಲಿ ಪ್ರಕಟಿಸಿ, 2020ರ ಡಿಸೆಂಬರ್ 15ರಂದು ಪೂರ್ತಿಯಾಗಿ ಮುಚ್ಚಿಕೊಂಡಿತು. ತಾಣ ನಡೆಯುತ್ತಿರುವಾಗಲೇ ಒಳಗೆ ಬರುವ ಷರತ್ತು ಬದಲಾಗುವುದೂ ಉಂಟು. 2023ರ ಜೂನ್ 30ರಂದು ಟ್ವಿಟರ್, ಖಾತೆಯಿಲ್ಲದವರು ಟ್ವೀಟ್‌ಗಳನ್ನು ಓದುವುದನ್ನೇ ತಡೆಯಿತು. ಕೆಲವು ದಿನಗಳಲ್ಲಿ ಆ ನಿರ್ಬಂಧ ಸ್ವಲ್ಪ ಸಡಿಲವಾಯಿತಾದರೂ, ಉತ್ತರಗಳ ಪೂರ್ತಿ ಸರಣಿ ಹೊರಗಿನವರಿಗೆ ಮೊದಲಿನಂತೆ ಸಿಗಲಿಲ್ಲ. ವಿಷಯವಾರು ಸಮುದಾಯಗಳ ಚರ್ಚಾತಾಣವಾದ ರೆಡ್ಡಿಟ್, ಹೊರಗಿನ ಆ್ಯಪ್‌ಗಳು ತನ್ನ ದತ್ತಾಂಶವನ್ನು ಬಳಸಲು ಭಾರಿ ಶುಲ್ಕ ಗೊತ್ತುಪಡಿಸಿದಾಗ, ಅದೇ ತಿಂಗಳು ಸಾವಿರಾರು ಸಮುದಾಯಗಳು ಜೂನ್ 12ರಿಂದ ಬಾಗಿಲು ಹಾಕಿ ಪ್ರತಿಭಟಿಸಿದವು. ಮತ್ತೆ ತೆರೆಯದಿದ್ದರೆ ಚರ್ಚೆಯನ್ನು ನಿಭಾಯಿಸಲು ಬೇರೆ ಮಾಡರೇಟರ್‌ಗಳನ್ನು ತರಬಹುದೆಂದು ಕಂಪನಿ ಅವರಿಗೆ ತಿಳಿಸಿತು. ಸಂಬಳವಿಲ್ಲದೆ ಆ ಸಮುದಾಯಗಳನ್ನು ಕಟ್ಟಿ ಬೆಳೆಸಿದವರಿಗೆ ಅವುಗಳ ಮೇಲೆ ಎಷ್ಟು ಹಕ್ಕಿತ್ತು ಎಂಬುದು ಆ ಒಂದು ಸೂಚನೆಯಿಂದ ತಿಳಿಯಿತು.

ಸರ್ಕಾರಿ ಇಲಾಖೆಗಳಿಗೆ ಇದರಲ್ಲಿ ಪ್ರತ್ಯೇಕ ಪಾಠವಿದೆ. ನ್ಯೂಯಾರ್ಕ್ ಮಹಾನಗರದ ಸಾರಿಗೆ ಪ್ರಾಧಿಕಾರವಾದ ಎಂಟಿಎ ವರ್ಷಗಳಿಂದ ರೈಲು ಮತ್ತು ಬಸ್ಸುಗಳ ವ್ಯತ್ಯಯದ ಸೂಚನೆಗಳನ್ನು ಟ್ವಿಟರ್‌ನಲ್ಲಿ ಕೊಡುತ್ತಿತ್ತು. ದತ್ತಾಂಶ ಬಳಕೆಗೆ ಕಂಪನಿ ಶುಲ್ಕ ಕೇಳಿದ್ದರಿಂದ, 2023ರ ಏಪ್ರಿಲ್ ಕೊನೆಯಲ್ಲಿ ಆ ಸೂಚನೆಗಳನ್ನು ಅಲ್ಲಿ ನಿಲ್ಲಿಸಿತು. ಸರ್ಕಾರಿ ಸಂಸ್ಥೆಗಳ ತುರ್ತು ಸೂಚನೆಗಳಿಗೆ ಶುಲ್ಕವಿಲ್ಲವೆಂದು ಕಂಪನಿ ಕೆಲವೇ ದಿನಗಳಲ್ಲಿ ಹೇಳಿತು, ಸೂಚನೆಗಳು ಮರಳಿದವು. ಎಂಟಿಎಗೆ ತನ್ನದೇ ಜಾಲತಾಣ ಮತ್ತು ಆ್ಯಪ್‌ಗಳಿದ್ದುದರಿಂದ ಅದು ಹೊರಗೆ ಕಾಲಿಡುವ ಧೈರ್ಯ ಮಾಡಬಹುದಾಗಿತ್ತು, ಅಂಥ ಸ್ವಂತ ನೆಲೆಯಿಲ್ಲದ ಇಲಾಖೆಗೆ ಆ ಆಯ್ಕೆಯೇ ಇರುತ್ತಿರಲಿಲ್ಲ. ಅಧಿಕಾರಿಗಳ ಖಾತೆಯಲ್ಲಿ ನಡೆಯುವ ಮಾತು ಖಾಸಗಿಯೋ ಸರ್ಕಾರಿಯೋ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ವರೆಗೂ ಹೋಯಿತು. 2024ರ ಮಾರ್ಚ್ 15ರ ತೀರ್ಪಿನ ಪ್ರಕಾರ, ಸರ್ಕಾರದ ಪರವಾಗಿ ಮಾತಾಡುವ ನಿಜವಾದ ಅಧಿಕಾರ ಆ ವ್ಯಕ್ತಿಗೆ ಇರಬೇಕು, ಆ ಪೋಸ್ಟಿನಲ್ಲಿ ಅವರು ಅದನ್ನು ಚಲಾಯಿಸುತ್ತಿರುವಂತೆ ಕಾಣಬೇಕು, ಆಗ ಮಾತ್ರ ನಾಗರಿಕರನ್ನು ಆ ಖಾತೆಯಿಂದ ಬ್ಲಾಕ್ ಮಾಡುವುದು ಸರ್ಕಾರದ ಕೃತ್ಯವೆನಿಸುತ್ತದೆ. ಇಲಾಖೆಯ ಸ್ವಂತ ತಾಣದಲ್ಲಿ ನಡೆದ ಚರ್ಚೆಗೆ ಇಂಥ ಸೂಕ್ಷ್ಮ ಪರೀಕ್ಷೆಯ ಅಗತ್ಯವೇ ಬರುವುದಿಲ್ಲ.

ಸ್ವಂತ ತಾಣವಿದ್ದರೆ ಎಲ್ಲವೂ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ಪ್ಯೂ ಸಂಶೋಧನಾ ಕೇಂದ್ರವು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ಟ್ವೀಟ್‌ಗಳಲ್ಲಿಯೂ ಐದರಲ್ಲಿ ಸುಮಾರು ಒಂದು ಕೆಲವೇ ತಿಂಗಳುಗಳಲ್ಲಿ ಕಣ್ಮರೆಯಾಗಿತ್ತು. ಯೂಸ್‌ನೆಟ್‌ನ ಹಳೆಯ ಸಂದೇಶಗಳಲ್ಲಿ ಬಹುಪಾಲು ಉಳಿದದ್ದಕ್ಕೆ ಕೂಡ 1995ರಲ್ಲಿ ಡೇಜಾ ನ್ಯೂಸ್ ಎಂಬ ಸೇವೆ ಅವುಗಳನ್ನು ಸಂಗ್ರಹಿಸತೊಡಗಿದ್ದು, 2001ರಲ್ಲಿ ಗೂಗಲ್ ಆ ಸಂಗ್ರಹವನ್ನು ಕೊಂಡದ್ದು ಕಾರಣ. 2024ರ ಫೆಬ್ರುವರಿ 22ರ ನಂತರ ಗೂಗಲ್ ಹೊಸ ಯೂಸ್‌ನೆಟ್ ಸಂದೇಶಗಳನ್ನು ಸೇರಿಸುವುದನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗಾಗಿ 2022ರ ಏಪ್ರಿಲ್‌ನಲ್ಲಿ ಪ್ರಯೋಗವಾಗಿ ಆರಂಭಿಸಿದ್ದ ಇಯು ವಾಯ್ಸ್ ಎಂಬ ಸ್ವಂತ ಮಾಸ್ಟೊಡಾನ್ ಸರ್ವರ್ (ಮಾಸ್ಟೊಡಾನ್ ಎಂದರೆ ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ, ಟ್ವಿಟರ್‌ನಂಥ ಮುಕ್ತ ಸಾಮಾಜಿಕ ಜಾಲ), ಮುಂದೆ ನಡೆಸಿಕೊಂಡು ಹೋಗುವ ಸಂಸ್ಥೆ ಸಿಗದೆ 2024ರ ಮೇ ತಿಂಗಳಲ್ಲಿ ಮುಚ್ಚಿತು. ವಿಳಾಸ ಸ್ವಂತದ್ದಾದ ಮಾತ್ರಕ್ಕೆ ಬಾಳುವುದಿಲ್ಲ. ಅದನ್ನು ಕಾಯುವ ಕೆಲಸ ಒಬ್ಬರ ಹುದ್ದೆಯ ಕರ್ತವ್ಯವಾಗಿ ಬರೆಯಲ್ಪಟ್ಟಿರಬೇಕು, ಅದಕ್ಕೆ ಆಯವ್ಯಯದಲ್ಲಿ ಜಾಗವಿರಬೇಕು.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಜನರನ್ನು ಅವರಿರುವ ಜಾಗದಿಂದ ಎಬ್ಬಿಸಿ ತರಲು ಹೋಗಬೇಡಿ, ಅದು ಆಗುವ ಕೆಲಸವೂ ಅಲ್ಲ. ಪ್ರಕಟಣೆಯ ಕ್ರಮವನ್ನು ಮಾತ್ರ ಬದಲಿಸಿ. ಯಾವುದೇ ಸೂಚನೆ, ಕರಡು, ಸ್ಪಷ್ಟೀಕರಣ ಮೊದಲು ನಿಮ್ಮ ತಾಣದಲ್ಲಿ, ಖಾತೆಯಿಲ್ಲದೆ ತೆರೆದುಕೊಳ್ಳುವ ಪುಟವಾಗಿ ಬರಲಿ, ಗುಂಪುಗಳಿಗೂ ಸಾಮಾಜಿಕ ಜಾಲತಾಣಗಳಿಗೂ ಅದರ ಕೊಂಡಿ ಹೋಗಲಿ. ಚಿತ್ರವಾಗಿಯೋ ಬರಿಯ ಪಿಡಿಎಫ್ ಆಗಿಯೋ ಕಳುಹಿಸಿದ ಕರಡು ತನ್ನ ಮೂಲದ ಗುರುತನ್ನು ಮೊದಲ ಫಾರ್ವರ್ಡ್‌ನಲ್ಲೇ ಕಳೆದುಕೊಳ್ಳುತ್ತದೆ, ಕೊಂಡಿ ಓದುಗರನ್ನು ಮೂಲಕ್ಕೆ ವಾಪಸು ಕರೆತರುತ್ತದೆ. ನೀವು ಆಮೇಲೆ ತಿದ್ದುಪಡಿ ಮಾಡಿದರೆ ಅದೂ ಅಲ್ಲೇ ಕಾಣುತ್ತದೆ.

ಚರ್ಚೆಗೂ ಆ ಪುಟದ ಪಕ್ಕದಲ್ಲೇ ಒಂದು ನೆಲೆ ಕೊಡಿ. 2001ರಲ್ಲಿ ಆರಂಭವಾದ ವಿಕಿಪೀಡಿಯ ಇದನ್ನು ಇಷ್ಟು ವರ್ಷಗಳಿಂದ ಮಾಡಿಕೊಂಡು ಬಂದಿದೆ. ಪ್ರತಿ ಲೇಖನಕ್ಕೂ ಒಂದು ಚರ್ಚಾ ಪುಟವಿದೆ, ಒಂದು ವಾಕ್ಯ ಏಕೆ ಹಾಗಿದೆ ಎಂಬ ಜಗಳವನ್ನು, ಅದು ಬಗೆಹರಿದ ಬಗೆಯನ್ನು ಹೆಸರು ದಿನಾಂಕಗಳ ಸಮೇತ ಅಲ್ಲಿ ಓದಬಹುದು. ಅಲ್ಲಿನ ವಾದಗಳು ಯಾವಾಗಲೂ ಸೌಮ್ಯವಾಗಿರುವುದಿಲ್ಲ. ಆದರೆ ಅವು ಲೇಖನದಿಂದ ದೂರ ಸರಿಯುವುದಿಲ್ಲ, ಅದೇ ಅವುಗಳ ಬೆಲೆ. ಎಲ್ಲರ ಪ್ರತಿಕ್ರಿಯೆಯನ್ನೂ ಕಾಯ್ದು ನಿಭಾಯಿಸುವ ಸಿಬ್ಬಂದಿ ನಿಮ್ಮಲ್ಲಿ ಇಲ್ಲದಿದ್ದರೆ ಸೀಮಿತ ಅವಧಿಗೆ ಚರ್ಚೆಯನ್ನು ತೆರೆದು, ಆಮೇಲೆ ಬರೆಯುವುದನ್ನು ಮಾತ್ರ ನಿಲ್ಲಿಸಿ, ಓದುವುದಕ್ಕೆ ಹಾಗೆಯೇ ಬಿಡಬಹುದು.

ಗುಂಪುಗಳಲ್ಲಿ ನಡೆಯುವ ಮಾತಿನ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಅಲ್ಲಿನ ಸಂದೇಶಗಳನ್ನು ಹಾಗೆಯೇ ಎತ್ತಿ ಬಹಿರಂಗಪಡಿಸಿದರೆ, ನಂಬಿ ಮಾತಾಡಿದವರಿಗೆ ದ್ರೋಹ ಬಗೆದಂತಾಗುತ್ತದೆ. ಯಾರೋ ತಮ್ಮ ಮನೆಯ ಕಷ್ಟವನ್ನು ಹೇಳಿಕೊಂಡಿರುತ್ತಾರೆ, ಇನ್ನಾರೋ ಮೇಲಧಿಕಾರಿಯ ಬಗ್ಗೆ ನೇರವಾಗಿ ಬರೆದಿರುತ್ತಾರೆ. ಇದಕ್ಕೆ ಹಳೆಯ ಕಾರ್ಯದರ್ಶಿಗಳಿಗೆ ಗೊತ್ತಿದ್ದ ದಾರಿಯೇ ಸರಿಯಾದದ್ದು: ನಡಾವಳಿ ಬರೆಯುವುದು. ಗುಂಪಿನಲ್ಲಿ ಒಂದು ವಿಷಯ ತೀರ್ಮಾನಕ್ಕೆ ಬಂದಾಗ, ಎತ್ತಿದ ಪ್ರಶ್ನೆ ಏನು, ಬಂದ ಮುಖ್ಯ ವಾದಗಳು ಯಾವುವು, ಒಪ್ಪಿದ್ದು ಏನು, ಒಪ್ಪದವರ ಆಕ್ಷೇಪ ಏನು ಎಂಬುದನ್ನು ಹತ್ತು ಹದಿನೈದು ಸಾಲಿನಲ್ಲಿ, ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಹಾಕದೆ ಬರೆಯಿರಿ. ಗುಂಪಿಗೇ ಮೊದಲು ತೋರಿಸಿ, ತಿದ್ದಿಸಿ, ಆಮೇಲೆ ಪ್ರಕಟಿಸಿ. ಆಕ್ಷೇಪವನ್ನು ಬಿಟ್ಟು ಒಪ್ಪಿಗೆಯನ್ನು ಮಾತ್ರ ಬರೆಯುವ ಪ್ರಲೋಭನೆಯನ್ನು ದಯವಿಟ್ಟು ಮೀರಿರಿ, ಮುಂದೆ ಆ ನಿರ್ಣಯವನ್ನು ಮರುಪರಿಶೀಲಿಸುವವರಿಗೆ ಅತ್ಯಂತ ಉಪಯೋಗಕ್ಕೆ ಬರುವುದು ಆ ಆಕ್ಷೇಪಗಳೇ. ಇದನ್ನು ಬರೆಯುವವರಿಗೆ ಅದು ಹೆಚ್ಚುವರಿ ಕೆಲಸ. ಆದ್ದರಿಂದ ಅದನ್ನು ಉಪಕಾರವೆಂದು ನಿರೀಕ್ಷಿಸದೆ ಕೆಲಸವೆಂದೇ ಲೆಕ್ಕ ಹಿಡಿಯಿರಿ.

ಗುಂಪುಗಳ ಮತ್ತು ಪುಟಗಳ ಅಡ್ಮಿನ್ ಯಾರೆಂಬುದು ಸಂಸ್ಥೆಯ ದಾಖಲೆಯಲ್ಲಿರಲಿ, ಒಬ್ಬರ ಬದಲು ಮೂವರಿರಲಿ, ಅಧಿಕಾರ ಹಸ್ತಾಂತರದ ದಿನ ಬ್ಯಾಂಕಿನ ಸಹಿಯ ಜೊತೆಗೆ ಇವೂ ಹಸ್ತಾಂತರವಾಗಲಿ. ಹೆಚ್ಚಿನ ದೊಡ್ಡ ಕಂಪನಿಗಳು ಬಳಕೆದಾರರ ದತ್ತಾಂಶವನ್ನು ಇಳಿಸಿಕೊಳ್ಳುವ ಸೌಲಭ್ಯ ಕೊಟ್ಟಿವೆ. 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾಯ್ದೆಯ 20ನೆಯ ವಿಧಿ ಇದನ್ನು ಅಲ್ಲಿನ ಜನರ ಹಕ್ಕನ್ನಾಗಿಯೇ ಮಾಡಿದೆ. ವರ್ಷಕ್ಕೊಮ್ಮೆಯಾದರೂ ನಿಮ್ಮ ಪುಟಗಳ ಪ್ರತಿಯನ್ನು ಇಳಿಸಿ ಸುರಕ್ಷಿತವಾಗಿಡಿ. ಬಹಿರಂಗ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಎಂಬ ವೆಬ್ ಪುಟಗಳ ಸಂಗ್ರಹದಲ್ಲಿ ಉಳಿಸುವುದಕ್ಕೆ ಒಂದು ಕ್ಷಣ ಸಾಕು, ಹಣವನ್ನೂ ಕೊಡಬೇಕಾಗಿಲ್ಲ.

ಗ್ರಂಥಾಲಯಗಳಿಗೆ ಒಂದು ಮಾತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರ ಏಪ್ರಿಲ್‌ನಲ್ಲಿ ಎಲ್ಲ ಬಹಿರಂಗ ಟ್ವೀಟ್‌ಗಳನ್ನೂ ಸಂಗ್ರಹಿಸುವುದಾಗಿ ಪ್ರಕಟಿಸಿ, 2018ರ ಜನವರಿ 1ರಿಂದ ಆಯ್ದವನ್ನು ಮಾತ್ರ ಸಂಗ್ರಹಿಸುವ ನೀತಿಗೆ ಬಂತು. ಅಷ್ಟು ದೊಡ್ಡ ಸಂಸ್ಥೆಗೇ ಎಲ್ಲವನ್ನೂ ಹಿಡಿದಿಡುವುದು ಸಾಧ್ಯವಾಗಲಿಲ್ಲ ಎಂಬುದರಿಂದ ಎದೆಗುಂದಬೇಕಾಗಿಲ್ಲ. ನಿಮ್ಮ ವ್ಯಾಪ್ತಿಯ ಸಂಘ ಸಂಸ್ಥೆಗಳ ನಡಾವಳಿ, ಕರಡು, ಚರ್ಚೆಗಳನ್ನು ಆಯ್ದು ಉಳಿಸುವುದು ಅಂಥ ಭಾರವಾದ ಕೆಲಸವಲ್ಲ, ಅದನ್ನು ಆರಂಭಿಸುವ ಕೌಶಲ ನಿಮ್ಮಲ್ಲಿ ಈಗಾಗಲೇ ಇದೆ.

ಕಾನೂನು ಮತ್ತು ನೀತಿ ರೂಪಿಸುವವರು ಈ ಪತ್ರವನ್ನು ಓದುತ್ತಿದ್ದರೆ, ಅವರಲ್ಲೂ ಒಂದು ಕೋರಿಕೆಯಿದೆ. ಒಂದು ಕಂಪನಿಯ ಇಮೇಲ್ ಖಾತೆಯಿಂದ ಇನ್ನೊಂದು ಕಂಪನಿಯ ಖಾತೆಗೆ ಪತ್ರ ಬರೆಯಲು ನಾವು ಯಾರ ಅನುಮತಿಯನ್ನೂ ಕೇಳುವುದಿಲ್ಲ, ಸಾಮಾಜಿಕ ಜಾಲತಾಣಗಳ ನಡುವೆ ಆ ಸೌಲಭ್ಯವಿಲ್ಲದಿರುವುದಕ್ಕೆ ತಾಂತ್ರಿಕ ಕಾರಣ ಉಳಿದಿಲ್ಲ. ಬೇರೆಬೇರೆ ತಾಣಗಳ ಜನ ಪರಸ್ಪರ ಮಾತಾಡಲು ನೆರವಾಗುವ ಆ್ಯಕ್ಟಿವಿಟಿಪಬ್ ಎಂಬ ಮುಕ್ತ ಮಾನಕವನ್ನು ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲೇ ಅಂಗೀಕರಿಸಿದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆ, 2024ರ ಮಾರ್ಚ್‌ನಿಂದ ದೊಡ್ಡ ಸಂದೇಶ ಸೇವೆಗಳು ಬೇರೆ ಸೇವೆಗಳೊಂದಿಗೆ ಹೊಂದಿಕೊಳ್ಳಬೇಕೆಂದು ವಿಧಿಸಿದೆ. ಸಾರ್ವಜನಿಕ ಹಣದಿಂದ ನಡೆಯುವ ಯಾವ ಸಂಸ್ಥೆಯೂ ತನ್ನ ಮಾಹಿತಿಯನ್ನು ಖಾತೆಯಿಲ್ಲದವರಿಗೆ ನಿರಾಕರಿಸುವ ಜಾಗದಲ್ಲಿ ಮಾತ್ರ ಪ್ರಕಟಿಸಕೂಡದು ಎಂಬ ಒಂದು ನಿಯಮವನ್ನು ತರುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ.

ಮಾನ್ಯರೇ, ನಿಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ಒಂದು ಸಾಲಿನ ಜಾಗ ಕೊಡಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಗುಂಪುಗಳಲ್ಲಿ ಚರ್ಚೆಯಾಗಿ ತೀರ್ಮಾನಗೊಂಡ ಅತ್ಯಂತ ಮಹತ್ವದ ವಿಷಯ ಯಾವುದೆಂದು ಸದಸ್ಯರನ್ನು ಕೇಳಿ. ಯಾವ ಗುಂಪಿನಲ್ಲೂ ಇಲ್ಲದ, ಯಾವ ಖಾತೆಯೂ ಇಲ್ಲದ ಒಬ್ಬರು ಅದರ ಕಾರಣಗಳನ್ನು ಓದಬಲ್ಲರೇ ಎಂದು ಅಲ್ಲೇ ಪರೀಕ್ಷಿಸಿ ನೋಡಿ. ಓದಲಾಗದಿದ್ದರೆ, ಆ ಚರ್ಚೆಯಲ್ಲಿದ್ದವರು ಇನ್ನೂ ನಿಮ್ಮೊಡನೆ ಇರುವಾಗಲೇ ಆ ಒಂದು ವಿಷಯದ ನಡಾವಳಿಯನ್ನು ಬರೆಸಿ, ದಿನಾಂಕ ಹಾಕಿ, ನಿಮ್ಮ ವಿಳಾಸದಲ್ಲಿ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ಅಂತರಜಾಲದ ಚರ್ಚೆಗಳನ್ನು ಓದುವ, ಅವುಗಳಲ್ಲಿ ಭಾಗವಹಿಸುವ ಒಬ್ಬ ನಾಗರಿಕ